ನಾಯಿ ಸಾಕಿದ ಮೇಲೆ ಅದರ ಒಂಟಿತನವೂ ನಮ್ಮದೇ



ಬ್ಯಾರಿ ಹೆಂಗಸೊಬ್ಬಳು ನಾಯಿಯ ಬಗ್ಗೆ ಬರೆಯಲು ಕೂತಿದ್ದಾಳೆ ಎಂದರೆ ಕೆಲವರ ಹುಬ್ಬು ಮೇಲೇರಬಹುದು. ಅದರಲ್ಲೂ ನಾಯಿಯನ್ನು ಹಗಲು ಹೊತ್ತು ಬಿಟ್ಟು ಬರುವ ಡೇಕೇರ್ ಬಗ್ಗೆ! "ಮಕ್ಕಳ ಡೇಕೇರ್ ಕೇಳಿದ್ದೇವೆ, ಇದೆಂಥದ್ದು ಮಾರಾಯ್ತಿ?" ಎಂದು ನನ್ನ ನಾದಿನಿಯೇ ಫೋನಿನಲ್ಲಿ ನಕ್ಕಿದ್ದಳು. ಕೆಲವು ವರ್ಷಗಳ ಹಿಂದೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮ ಊರು ಬಂಟ್ವಾಳದ ಕಡೆ. ಮದುವೆಯಾದ ಮೇಲೆ ಸೇಲಂ. ಗಂಡನಿಗೆ ಲಾರಿ ಬಿಡಿಭಾಗಗಳ ವ್ಯಾಪಾರ. ಸೇಲಂ, ಸಂಕಗಿರಿ, ನಾಮಕ್ಕಲ್ ಎಂದರೆ ಲಾರಿಗಳದ್ದೇ ಲೋಕ. ಹಾಗಾಗಿ ಹೊಟ್ಟೆಪಾಡಿಗೆ ತೊಂದರೆ ಇಲ್ಲ, ಅಲ್ಹಮ್ದುಲಿಲ್ಲಾಹ್. ಅಂಗಡಿ, ಗೋದಾಮು ಪೇಟೆಯಲ್ಲಿ. ಮನೆ ಮಾತ್ರ ಪೇಟೆಯ ಹೊರಗೆ, ಓಮಲೂರು ರಸ್ತೆಯ ಕಡೆ. ಸುತ್ತ ಇಪ್ಪತ್ತು ತೆಂಗಿನ ಮರ, ಒಂದು ಬಾವಿ. ಆ ಬಾವಿಯ ಪಂಪು ಎರಡು ಸಲ ಕಳವಾದ ಮೇಲೆ ಕಾವಲಿಗೆ ನಾಯಿ ಬೇಕೆಂಬ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿದ್ದಾಗ ಗೋದಾಮಿನ ಹಳೆ ಟಯರುಗಳ ನಡುವೆ ಒಂದು ಕಂದು ಬಣ್ಣದ ಮರಿ ಸಿಕ್ಕಿತು. ತಾಯಿ ನಾಯಿಯ ಸುಳಿವಿಲ್ಲ, ಹೋಟೆಲುಗಳೆಲ್ಲ ಮುಚ್ಚಿ ಬೀದಿಯಲ್ಲಿ ಎಂಜಲೂ ಇಲ್ಲ. ಗಂಡ ಗೋಣಿಯಲ್ಲಿ ಸುತ್ತಿ ಮನೆಗೆ ತಂದರು. ತಮಿಳುನಾಡಿನಲ್ಲಿ ಬೀದಿಗೊಂದು ಮಣಿ ಎಂಬ ನಾಯಿ ಇರುತ್ತದೆ. ನಮ್ಮದಕ್ಕೂ ಅದೇ ಹೆಸರಾಯಿತು.

ಮಣಿ ಇರುವುದು ಹೊರಗೆ, ಜಗಲಿಯಲ್ಲಿ. ಮನೆಯೊಳಗೆ ಬರುವಂತಿಲ್ಲ, ಅವನಿಗೂ ಅದು ಗೊತ್ತು. ಅವನ ತಟ್ಟೆ ಬೇರೆ, ನಾವು ಅವನನ್ನು ಮುಟ್ಟುವಾಗ ಹಾಕುವ ಹಳೆಯ ಬಟ್ಟೆ ಬೇರೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಓದುವವರಲ್ಲಿ ಅರ್ಧ ಮಂದಿಯ ತಲೆಯಲ್ಲಿ ಈಗಾಗಲೇ ಏಳು ಸಲ ತೊಳೆಯುವ ಲೆಕ್ಕ ಶುರುವಾಗಿರುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಲಾಕ್‌ಡೌನಿನ ಕಾಲದಲ್ಲಿ ನಾವೆಲ್ಲ ಮನೆಯಲ್ಲೇ. ಆಮೇಲೆ ಅಂಗಡಿ ತೆರೆಯಿತು, ಆದರೂ ಮಕ್ಕಳು ಮತ್ತು ನಾನು ಮನೆಯಲ್ಲಿದ್ದೆವು. ತಮಿಳುನಾಡಿನಲ್ಲಿ ಸಣ್ಣ ತರಗತಿಗಳಿಗೆ ಶಾಲೆ ಪೂರ್ತಿಯಾಗಿ ಬಾಗಿಲು ತೆರೆದದ್ದು 2021ರ ನವೆಂಬರ್ 1ಕ್ಕೆ. ಅಂದರೆ ಮಣಿಗೆ ಒಂದೂವರೆ ವರ್ಷ ತುಂಬುವವರೆಗೆ ಮನುಷ್ಯರಿಲ್ಲದ ಮನೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ನಂತರ ಎಲ್ಲ ಒಟ್ಟಿಗೆ ಬದಲಾಯಿತು. 2022ರ ಜೂನಿನಲ್ಲಿ ದೊಡ್ಡ ಮಗಳು ಓದಲು ಮಂಗಳೂರಿಗೆ ಹೋದಳು. ಮಗ ಶಾಲೆಗೆ. ನನಗೆ ಧರ್ಮಪುರಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಬಸ್ ಹಿಡಿದು, ತೊಪ್ಪೂರು ಘಾಟಿ ದಾಟಿ ಹೋದರೆ, ಮನೆ ಸೇರುವಾಗ ಸಂಜೆ ಐದು ಕಳೆದಿರುತ್ತಿತ್ತು.

ಎರಡು ವಾರವಾಗಿರಬಹುದು. ಪಕ್ಕದ ಮನೆಯ ಪಾಟಿ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು: "ನಿಮ್ಮ ನಾಯಿ ಬೊಗಳುವುದಲ್ಲ ಅಮ್ಮಾ, ಅಳುವುದು. ನೀವು ಬಸ್ ಹತ್ತುವುದರೊಳಗೆ ಶುರು." ನಾನು ಅದನ್ನು ದೂರು ಎಂದುಕೊಂಡು ಕ್ಷಮೆ ಕೇಳಿದೆ. ಆಮೇಲೆ ಅಡುಗೆಮನೆಯ ಹಿಂಬಾಗಿಲಿನ ಹಲಗೆಯಲ್ಲಿ ಉಗುರಿನ ಗೀರುಗಳು ಕಂಡವು. ಕಿಟಕಿಯ ಬಲೆ ಹರಿಯಿತು. ಒಂದು ದಿನ ಜಗಲಿಯ ತುಂಬ ರಕ್ತದ ಕಲೆ. ಬಾಗಿಲು ಕೆರೆದು ಕೆರೆದು ಉಗುರೇ ಕಿತ್ತುಹೋಗಿತ್ತು. ನನಗೆ ಕನಿಕರಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಡೀ ದಿನ ನಲವತ್ತು ಮಕ್ಕಳ ಗಲಾಟೆ, ಎರಡು ಹೊತ್ತು ಬಸ್, ಮನೆಗೆ ಬಂದರೆ ಇದು. ಕಡ್ಡಿಯಿಂದ ಎರಡೇಟು ಹೊಡೆದೆ. ಮರುದಿನದಿಂದ ಸರಪಳಿ ಹಾಕಿದೆ. ಆ ಸರಪಳಿ ಅವನ ಕುತ್ತಿಗೆಯಲ್ಲಿ ಮಾಡಿದ ಗಾಯದ ಗುರುತು ಇವತ್ತಿಗೂ ಇದೆ. ಅಲ್ಲಾಹು ಕ್ಷಮಿಸಲಿ, ತಪ್ಪು ನನ್ನದೇ.

ನಡುವೆ 2023ರ ರಂಝಾನಿಗೆ ಉಮ್ಮ ಊರಿನಿಂದ ಬಂದರು. ಎಪ್ಪತ್ತು ದಾಟಿದ ಜೀವ. ನಮ್ಮ ಬಾಲ್ಯದ ಮನೆಯಲ್ಲಿ ಬೆಕ್ಕಿಗೆ ರಾಜಮರ್ಯಾದೆ, ನಾಯಿಗೆ ಗೇಟಿನಾಚೆಯೇ ಜಾಗ. ಅಂಥ ಉಮ್ಮ ಮಣಿಯನ್ನು ನೋಡಿ ಸೀರೆ ಎತ್ತಿ ಹಿಡಿದು ಒಳಗೆ ಓಡಿದರು. "ಅದು ಜಗಲಿಯಲ್ಲಿರುವವರೆಗೆ ನಾನು ಹೊರಗೆ ಕಾಲಿಡುವುದಿಲ್ಲ" ಎಂದರು. ಇಡಲೂ ಇಲ್ಲ. ಹಗಲೆಲ್ಲ ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಓದುವರು; ಕಿಟಕಿಯ ಕೆಳಗೆ, ಗೋಡೆಯ ಆಚೆ, ಮಣಿ ಮಲಗುವನು. ಆ ಇಡೀ ತಿಂಗಳು ಒಂದು ದಿನವೂ ಅಳಲಿಲ್ಲ. ಪಾಟಿ ಬಂದು, "ನಾಯಿಗೆ ಏನು ಔಷಧ ಕೊಟ್ಟಿರಿ?" ಎಂದು ಕೇಳಿದರು. ಔಷಧ ಏನೂ ಕೊಟ್ಟಿರಲಿಲ್ಲ. ಉಮ್ಮ ಅವನನ್ನು ಮುಟ್ಟಿರಲೂ ಇಲ್ಲ. ಮನೆಯಲ್ಲಿ ಒಬ್ಬ ಮನುಷ್ಯರಿದ್ದರು, ಅಷ್ಟೇ.

ಹಬ್ಬ ಮುಗಿಸಿ ಉಮ್ಮ ಊರಿಗೆ ಹೋದರು. ಬೇಸಗೆ ರಜೆಯಲ್ಲಿ ನಾನಿದ್ದೆ. ಜೂನಿನಲ್ಲಿ ಶಾಲೆ ಶುರುವಾದಾಗ ಅಳು ಮೊದಲಿಗಿಂತ ಜೋರಾಯಿತು. ಆಗ ನನಗೆ ಹೊಳೆಯಿತು: ಇವನು ಕೆಟ್ಟ ನಾಯಿಯಲ್ಲ, ಹೆದರಿದ ನಾಯಿ.

ಪಶುವೈದ್ಯರ ಹತ್ತಿರ ಹೋದೆ. ಅವರು ಮೊದಲು ಗಾಯ, ಕಿವಿ, ಮೂತ್ರ ಎಲ್ಲ ಪರೀಕ್ಷಿಸಿದರು. ನೋವಿದ್ದರೂ ನಾಯಿ ಹೀಗೆ ಮಾಡುತ್ತದಂತೆ. ಆಮೇಲೆ ಒಂದು ಸುಲಭದ ಕೆಲಸ ಹೇಳಿದರು. ಮನೆಯಿಂದ ಹೊರಡುವಾಗ ಹಳೆಯ ಫೋನ್ ಒಂದನ್ನು ಜಗಲಿಯ ಕಡೆ ತಿರುಗಿಸಿ ವಿಡಿಯೋ ಹಾಕಿಟ್ಟು ಬನ್ನಿ ಎಂದರು. ಆ ವಿಡಿಯೋವನ್ನು ನಾನು ಪೂರ್ತಿ ನೋಡಲಾರದೆ ಹೋದೆ. ಗೇಟಿನ ಚಿಲಕ ಬಿದ್ದ ಸದ್ದಿಗೆ ಅವನು ಎದ್ದು ನಿಂತ. ಐದು ನಿಮಿಷದಲ್ಲಿ ಏದುಸಿರು, ಬಾಯಿಯಿಂದ ಜೊಲ್ಲು. ಮುಂದಿಟ್ಟ ಕೋಳಿಯ ತುಂಡನ್ನು ಮೂಸಿಯೂ ನೋಡಲಿಲ್ಲ. ಸರಪಳಿ ಎಷ್ಟು ಉದ್ದ ಹೋಗುತ್ತದೋ ಅಷ್ಟರಲ್ಲಿ ಅರ್ಧ ಚಂದ್ರಾಕಾರವಾಗಿ ಓಡಾಟ, ನಡುನಡುವೆ ತಲೆ ಮೇಲೆತ್ತಿ ಊಳಿಡುವುದು.

ಡಾಕ್ಟರು ಇದಕ್ಕೆ ಸೆಪರೇಷನ್ ಆಂಗ್ಸೈಟಿ ಎಂದರು. ಅಗಲಿಕೆಯ ಆತಂಕ ಎನ್ನಬಹುದು. ಬೇಸರಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದು ವಿವರಿಸಿದರು. ಬೇಸರ ಬಂದ ನಾಯಿ ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಕಚ್ಚುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ, ನಿದ್ದೆ ಮಾಡುತ್ತದೆ. ಆತಂಕದ ನಾಯಿ ನಾವು ಹೋದ ಅರ್ಧ ಗಂಟೆಯೊಳಗೇ ಶುರು ಮಾಡುತ್ತದೆ. ಹಾನಿ ಮಾಡುವುದು ಹೆಚ್ಚಾಗಿ ಬಾಗಿಲು ಕಿಟಕಿಗಳ ಹತ್ತಿರ, ಅಂದರೆ ನಾವು ಹೋದ ದಾರಿಯಲ್ಲಿ. ತಿನ್ನಲು ಇಟ್ಟರೂ ತಿನ್ನುವುದಿಲ್ಲ. ಅದು ಸೇಡು ತೀರಿಸುವುದಲ್ಲ. ಸಂಜೆ ಬಂದು ಹೊಡೆದರೆ ಬೆಳಗಿನದ್ದಕ್ಕೆ ಹೊಡೆದರೆಂದು ಅದಕ್ಕೆ ತಿಳಿಯುವುದೂ ಇಲ್ಲ. ಮರಳಿ ಬಂದದ್ದಕ್ಕೆ ಹೊಡೆದರು ಎಂದಷ್ಟೇ ತಿಳಿಯುತ್ತದೆ. ಈ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಚಿಕಿತ್ಸೆ ಎಂದರೆ ಮುಖ್ಯವಾಗಿ ಅಭ್ಯಾಸ. ಚೀಲ ಹೆಗಲಿಗೇರಿಸಿ, ಬೀಗದ ಕೈ ಹಿಡಿದು, ಎಲ್ಲಿಗೂ ಹೋಗದೆ ಕೂತುಬಿಡುವುದು. ಆ ಸದ್ದುಗಳ ಹೆದರಿಕೆ ಹೋಗುವವರೆಗೆ ದಿನಕ್ಕೆ ಹತ್ತು ಸಲ. ಆಮೇಲೆ ಅರ್ಧ ನಿಮಿಷ ಗೇಟಿನಾಚೆ ನಿಂತು ಬರುವುದು, ಎರಡು ನಿಮಿಷ, ಐದು ನಿಮಿಷ. ಅವನು ಹೆದರಲು ಶುರು ಮಾಡುವ ಮೊದಲೇ ಮರಳುವುದು. ಹೋಗುವಾಗಲೂ ಬರುವಾಗಲೂ ದೊಡ್ಡ ಸಂಭ್ರಮ ಮಾಡದಿರುವುದು. ತೀರಾ ಕಷ್ಟವಿದ್ದರೆ ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥ ಮಾತ್ರೆಗಳಿವೆ. ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ, ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡುವುದು ಅಪಾಯ.

ಇಷ್ಟು ಹೇಳಿ ಅವರು ಒಂದು ಷರತ್ತು ಹಾಕಿದರು. "ಈ ಅಭ್ಯಾಸ ನಡೆಯುವಷ್ಟು ತಿಂಗಳು ಅವನನ್ನು ಸಹಿಸಲಾರದಷ್ಟು ಹೊತ್ತು ಒಂಟಿ ಬಿಡಬೇಡಿ. ಸಂಜೆ ಐದು ನಿಮಿಷ ಕಲಿಸಿ ಬೆಳಿಗ್ಗೆ ಹತ್ತು ಗಂಟೆ ಹೆದರಿಸಿದರೆ ಏನು ಪ್ರಯೋಜನ?"

ನನಗೆ ಬೇಕಾಗಿದ್ದ ಮಾತು ಇದೇ. ಡೇಕೇರ್ ಎಂಬುದು ಔಷಧವಲ್ಲ. ಔಷಧ ಹಿಡಿಯುವವರೆಗೆ ಗಾಯಕ್ಕೆ ಮತ್ತೆ ಏಟು ಬೀಳದಂತೆ ನೋಡಿಕೊಳ್ಳುವ ಜಾಗ. ಇದನ್ನು ತಿಳಿಯದೆ ಹೋದವರು, "ಡೇಕೇರಿಗೆ ಹಾಕಿದೆವು, ದುಡ್ಡು ದಂಡವಾಯಿತು, ಮನೆಯಲ್ಲಿ ಬಿಟ್ಟರೆ ಮತ್ತೆ ಅದೇ" ಎನ್ನುತ್ತಾರೆ. ಹೌದು, ಅದೇ ಆಗುತ್ತದೆ. ಕಾಲು ಮುರಿದವನಿಗೆ ಊರುಗೋಲು ಕೊಟ್ಟು, ಮೂಳೆ ಕೂಡಲಿಲ್ಲ ಎಂದರೆ ಹೇಗೆ?

ನಾನೂ ಮೊದಲು ಎಡವಿದೆ. ಸೇಲಂನಲ್ಲಿ ವಿಚಾರಿಸಿ ಒಂದು ಕಡೆ ಬಿಟ್ಟೆ. ಮೊದಲ ದಿನವೇ ಇಡೀ ದಿನ. ಇಪ್ಪತ್ತರ ಹತ್ತಿರ ನಾಯಿಗಳು, ನೋಡಿಕೊಳ್ಳಲು ಒಬ್ಬ ಹುಡುಗ. ಸಂಜೆ ಹೋದಾಗ ಮಣಿ ಒಂದು ಮಂಚದ ಅಡಿಯಲ್ಲಿದ್ದ, ನೀರೂ ಕುಡಿದಿರಲಿಲ್ಲ. "ಸುಮ್ಮನೆ ಇದ್ದಾನೆ ಮೇಡಂ, ಒಳ್ಳೆಯ ನಾಯಿ" ಎಂದರು. ಸುಮ್ಮನಿರುವುದು ಬೇರೆ, ಸಮಾಧಾನದಲ್ಲಿರುವುದು ಬೇರೆ. ಮನೆಗೆ ಬಂದು ಎರಡು ದಿನ ತಿನ್ನಲಿಲ್ಲ. ಅಲ್ಲಿಗೆ ಮತ್ತೆ ಕಳುಹಿಸಲಿಲ್ಲ.

ಅದೇ ವಾರ ಧರ್ಮಪುರಿಯ ಶಾಲೆಯಲ್ಲಿ ಒಂದು ಮಾತುಕತೆ ಆಯಿತು. ಅಲ್ಲಿ ನನ್ನ ತರಗತಿಯಲ್ಲಿ ಪೆನ್ನಾಗರಂ ಕಡೆಯ ಕೆಲವು ಮಕ್ಕಳಿದ್ದಾರೆ, ಮನೆಯಲ್ಲಿ ಕನ್ನಡ ಮಾತಾಡುವವರು. ನಮ್ಮ ಕರಾವಳಿಯವರಿಗೆ ಇದು ಆಶ್ಚರ್ಯವಾಗಬಹುದು, ಆದರೆ ಹೊಗೇನಕಲ್ ಎಂಬ ಹೆಸರಿನಲ್ಲೇ ಹೊಗೆಯೂ ಕಲ್ಲೂ ಇವೆಯಲ್ಲ. ಆ ಸೀಮೆಯಲ್ಲಿ ಕನ್ನಡ ಇಂದಿಗೂ ಮನೆಮಾತು. ಒಬ್ಬ ಹುಡುಗನ ಅಜ್ಜಿ ಅವನನ್ನು ಕರೆದೊಯ್ಯಲು ಬಂದಿದ್ದರು. ಕುರಿ ಸಾಕುವ ಮನೆಯವರು. ನಾನು ಕನ್ನಡ ಮಾತಾಡುವುದನ್ನು ಕೇಳಿ ಸಂತೋಷದಿಂದ ಕೂತರು. ಮಾತಿಗೆ ಮಾತು ಬಂದು ಮಣಿಯ ಕಥೆ ಹೇಳಿದೆ. ಅವರು ಕಣ್ಣರಳಿಸಿ ಕೇಳಿದರು: "ನಾಯೀನ ಒಂಟಿ ಬಿಟ್ಟು ಹೋಗ್ತೀರಾ? ಇಡೀ ದಿನ?" ಅವರ ಮನೆಯ ನಾಯಿ ಬೆಳಿಗ್ಗೆ ಕುರಿಗಳ ಜೊತೆ ಹೊರಡುತ್ತದೆ, ಸಂಜೆ ಕುರಿಗಳ ಜೊತೆ ಬರುತ್ತದೆ, ರಾತ್ರಿ ಹಟ್ಟಿಯ ಬಾಗಿಲಲ್ಲಿ ಮಲಗುತ್ತದೆ. ಅದಕ್ಕೆ ಒಂಟಿಯಾಗಿ ಇರುವ ಒಂದು ಗಂಟೆಯೂ ಇಲ್ಲ. ಅಂಥ ನಾಯಿಯ ಒಕ್ಕಲನ್ನೇ ನಾವು ತಂದು, ಕಾಂಪೌಂಡಿನೊಳಗೆ ಕಟ್ಟಿ, ಬೀಗ ಹಾಕಿ ಹೋಗುತ್ತೇವೆ. ಆಮೇಲೆ ಅದಕ್ಕೆ ಕಾಯಿಲೆ ಎನ್ನುತ್ತೇವೆ. ಡೇಕೇರ್ ಎಂಬುದು ಪರದೇಶದ ಶೋಕಿಯಲ್ಲ, ನಾವು ಕಿತ್ತುಕೊಂಡ ಆ ಮಂದೆಗೆ ಬದಲಾಗಿ ಕೊಡುವ ಸಣ್ಣ ಪರಿಹಾರ ಎಂದು ನನಗೆ ಅನಿಸಿದ್ದು ಆ ದಿನ.

ಎರಡನೆಯ ಸಲ ಎಚ್ಚರದಿಂದ ಹುಡುಕಿದೆ. ಏರ್ಕಾಡು ಬೆಟ್ಟದ ಬುಡದ ಕಡೆ ನಿವೃತ್ತ ದಂಪತಿ ತಮ್ಮ ಮನೆಯಂಗಳದಲ್ಲೇ ಐದಾರು ನಾಯಿಗಳನ್ನು ಹಗಲು ಇಟ್ಟುಕೊಳ್ಳುತ್ತಾರೆ. ಅವರೇ ನನಗೆ ಹತ್ತು ಪ್ರಶ್ನೆ ಕೇಳಿದರು. ರೇಬೀಸ್ ಲಸಿಕೆ ಆಗಿದೆಯಾ? ಪಾರ್ವೋ, ಡಿಸ್ಟೆಂಪರ್? ಜಂತಿನ ಮದ್ದು ಯಾವಾಗ? ಉಣ್ಣೆ ಇದೆಯಾ? ಬೇರೆ ನಾಯಿ ಕಂಡರೆ ಹೇಗೆ? ಪ್ರಶ್ನೆ ಕೇಳದೆ ದುಡ್ಡು ತೆಗೆದುಕೊಳ್ಳುವ ಜಾಗಕ್ಕಿಂತ ಪ್ರಶ್ನೆ ಕೇಳುವ ಜಾಗ ಒಳ್ಳೆಯದು ಎಂದು ಅಲ್ಲೇ ಕಲಿತೆ. ಮೊದಲ ದಿನ ಒಂದು ಗಂಟೆ, ನಾನೂ ಜೊತೆಗೇ. ಎರಡನೆಯ ಸಲ ಎರಡು ಗಂಟೆ, ನಾನು ರಸ್ತೆಯಾಚೆ. ಎರಡು ವಾರದ ಮೇಲೆ ಇಡೀ ದಿನ. ಒಂದು ಸಂಜೆ ಕರೆತರಲು ಹೋದಾಗ ಒಂದು ಮುದಿ ಹೆಣ್ಣುನಾಯಿಯ ಬೆನ್ನಿಗೆ ಬೆನ್ನು ಕೊಟ್ಟು ನಿದ್ದೆಯಲ್ಲಿದ್ದ. ನನ್ನನ್ನು ಕಂಡು ಎದ್ದ, ಬಾಲ ಆಡಿಸಿದ. ಮೈಮೇಲೆ ಎಗರಲಿಲ್ಲ.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. ದಿನಕ್ಕೆ 300 ರೂಪಾಯಿ. ವಾರಕ್ಕೆ ಮೂರು ದಿನ, ತಿಂಗಳಿಗೆ 3,600. ಐದು ದಿನವೂ ಕಳುಹಿಸುವ ಶಕ್ತಿ ನಮಗಿರಲಿಲ್ಲ. ಉಳಿದ ಎರಡು ದಿನಕ್ಕೆ ಗಂಡನ ಗೋದಾಮು. ಅಲ್ಲಿ ಒಬ್ಬ ವಯಸ್ಸಾದ ಕಾವಲುಗಾರರಿದ್ದಾರೆ. ಅವರಿಗೂ ಮಾತಿಗೆ ಜನ ಬೇಕಿತ್ತು. ಮಣಿ ಅವರ ಕುರ್ಚಿಯ ಕೆಳಗೆ ಮಲಗಿ, ಟಯರು ಎತ್ತುವವರನ್ನೆಲ್ಲ ತನಿಖೆ ಮಾಡುತ್ತಾನೆ. ಸಂಜೆ ಮತ್ತು ಭಾನುವಾರ ನನ್ನ ಅಭ್ಯಾಸದ ಪಾಠ. ಅರ್ಧ ಗಂಟೆಯ ಗೆರೆ ಮುಟ್ಟಲು ಎರಡು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಅಲ್ಲಿಂದ ಮುಂದೆ ಸ್ವಲ್ಪ ಬೇಗ ಸಾಗಿತು. ಈಗ ಮೂರು ನಾಲ್ಕು ಗಂಟೆ ಒಂಟಿಯಾಗಿ ಇರುತ್ತಾನೆ. ನಾವು ಮದುವೆಗೋ ಆಸ್ಪತ್ರೆಗೋ ಹೋಗಿ ಬರಬಹುದು. ಹತ್ತು ಗಂಟೆ ಇರಲಾರ. ಇರಬೇಕೆಂದು ನಾನೂ ಈಗ ಕೇಳುವುದಿಲ್ಲ.

ಇನ್ನು ನಮ್ಮವರು ಎತ್ತುವ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು, "ನಾಯಿ ನಜಸ್, ಅದರ ಉಸಾಬರಿ ನಮಗೇಕೆ?" ನಾವು ಶಾಫಿಈಗಳು, ನಾಯಿಯ ಜೊಲ್ಲು, ಒದ್ದೆ ಮೈ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಕಲಸಿದ ನೀರಿನಲ್ಲಿ. ಸುಮ್ಮನೆ ಸಾಕುವುದಕ್ಕೆ ವಿರೋಧವಿದೆ. ಬೇಟೆ, ಮಂದೆ, ಹೊಲತೋಟದ ಕಾವಲಿಗೆ ವಿನಾಯಿತಿ ಇದೆ. ಇದೆಲ್ಲ ನಮಗೆ ಮದ್ರಸದಲ್ಲೇ ಗೊತ್ತು. ಆದರೆ ಇದು ತೊಳೆಯುವ ನಿಯಮ, ಹಿಂಸಿಸುವ ಅಪ್ಪಣೆಯಲ್ಲ. ಬಾಯಾರಿದ ನಾಯಿಗೆ ಬಾವಿಯಿಂದ ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವರ ಪಾಪ ಕ್ಷಮಿಸಲ್ಪಟ್ಟ ಹದೀಸ್ ಕೂಡ ಅದೇ ಮದ್ರಸದಲ್ಲಿ ಕೇಳಿದ್ದೇವೆ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಕೊಂದ ಹೆಂಗಸು ಶಿಕ್ಷೆಗೊಳಗಾದ ಹದೀಸನ್ನೂ ಕೇಳಿದ್ದೇವೆ. ಸೂರತುಲ್ ಕಹ್ಫ್‌ನಲ್ಲಿ ಗುಹೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಶುಕ್ರವಾರ ಶುಕ್ರವಾರ ಓದುತ್ತೇವೆ. ಅದು ಒಳಗೆ ಹೋಗಲಿಲ್ಲ, ಹೊಸ್ತಿಲಲ್ಲೇ ಇತ್ತು. ಆದರೆ ತನ್ನವರ ಜೊತೆಗಿತ್ತು. ಉಮ್ಮ ಮತ್ತು ಮಣಿಯ ನಡುವೆ ಕಿಟಕಿ ಇದ್ದಂತೆ. ನಿಯಮವೂ ಉಳಿಯಿತು, ಕರುಣೆಯೂ ಉಳಿಯಿತು.

ಡೇಕೇರಿಗೆ ಸಾಗಿಸುವಾಗಿನ ಶುದ್ಧಿಯ ಪ್ರಶ್ನೆ ಕಷ್ಟದ್ದೇನಲ್ಲ. ಒಣ ಮೈ ಒಣ ಬಟ್ಟೆಗೆ ತಾಗಿದರೆ ನಜಸ್ ಹರಡುವುದಿಲ್ಲ. ನಮ್ಮ ಮಣಿ ಹೋಗುವುದು ಅಂಗಡಿಯ ಗೂಡ್ಸ್ ಆಟೋದ ಹಿಂದೆ, ಅವನದೇ ಚಾಪೆಯ ಮೇಲೆ. ಮಗನಿಗೆ ಅದಕ್ಕೆಂದೇ ಒಂದು ಹಳೆಯ ಅಂಗಿ. ಬಾವಿಕಟ್ಟೆಯ ಹತ್ತಿರ ಒಂದು ಡಬ್ಬಿಯಲ್ಲಿ ಶುದ್ಧ ಮಣ್ಣು. ನಿಮಗೆ ಸಂಶಯವಿದ್ದರೆ ನಿಮ್ಮ ಉಸ್ತಾದರನ್ನು ಕೇಳಿ, ನಾಚಿಕೆ ಬೇಡ.

ಎರಡನೆಯದು, "ಮನುಷ್ಯರೇ ಹಸಿದಿರುವಾಗ ನಾಯಿಗೆ ತಿಂಗಳಿಗೆ ಮೂರೂವರೆ ಸಾವಿರವೇ?" ಕೇಳಬೇಕಾದ ಪ್ರಶ್ನೆಯೇ. ನಾನೂ ರಾತ್ರಿ ಮಲಗಿ ಕೇಳಿಕೊಂಡಿದ್ದೇನೆ. ಸಿಕ್ಕಿದ ಉತ್ತರ ಇದು: ಈ ಲೆಕ್ಕ ಹಾಕಬೇಕಾದದ್ದು ನಾಯಿಯನ್ನು ತರುವ ಮೊದಲು. ತಂದ ಮೇಲೆ ಅದು ದಾನವಲ್ಲ, ಹೊಣೆ. ಇಮಾಮ್ ನವವಿಯವರ ಮಿನ್ಹಾಜಿನಲ್ಲಿ ಹೆಂಡತಿ ಮಕ್ಕಳ ಜೀವನಾಂಶ ಹೇಳುವ ಅಧ್ಯಾಯದಲ್ಲೇ ಸಾಕುಪ್ರಾಣಿಯ ಮೇವು ನೀರೂ ಯಜಮಾನನ ಮೇಲೆ ಕಡ್ಡಾಯ ಎಂದಿದೆ. ಮೇವು ನೀರಿನ ಜೊತೆ ಇನ್ನೊಂದು ಜೀವದ ಸಾಮೀಪ್ಯವೂ ನಾಯಿಯ ಅಗತ್ಯಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಒಮ್ಮೆ ಆ ವಿಡಿಯೋ ನೋಡಲಿ. ದೇಶದ ಕಾನೂನೂ ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇಟ್ಟ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು ಯಜಮಾನನ ಅಪರಾಧ. ನಾನು ಆ ಅಪರಾಧವನ್ನು ತಿಂಗಳುಗಟ್ಟಲೆ ಮಾಡಿದವಳು.

ಮೂರನೆಯದು, "ನಮ್ಮ ಊರಲ್ಲಿ ಡೇಕೇರ್ ಎಲ್ಲಿದೆ?" ಹೌದು, ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಧರ್ಮಪುರಿಯಲ್ಲಿ ಸಿಗುವುದಿಲ್ಲ, ನಮ್ಮ ಬಂಟ್ವಾಳದಲ್ಲೂ ಹುಡುಕಬೇಕು. ಆದರೆ ಡೇಕೇರ್ ಎಂದರೆ ಬೋರ್ಡು ಹಾಕಿದ ಕಟ್ಟಡವೇ ಆಗಬೇಕಿಲ್ಲ. ನಾಯಿಗೆ ಬೇಕಾದದ್ದು ನೆರಳು, ನೀರು, ಭದ್ರವಾದ ಬೇಲಿ ಮತ್ತು ಒಬ್ಬರು ಮನುಷ್ಯರು. ನಮ್ಮ ಗೋದಾಮಿನ ಕಾವಲುಗಾರರು ಒಂದು ಡೇಕೇರ್. ನಿವೃತ್ತರಾದ ನೆರೆಯವರು ಒಂದು ಡೇಕೇರ್, ಕೇಳಿ ನೋಡಬೇಕು, ಕೊಡಬೇಕಾದ್ದು ಕೊಡಬೇಕು. ನಾಯಿ ಸಾಕಿದ ಎರಡು ಮೂರು ಮನೆಯವರು ವಾರದ ದಿನಗಳನ್ನು ಹಂಚಿಕೊಂಡರೆ ಅದೂ ಒಂದು ಡೇಕೇರ್. ಜೊತೆಗಿರಲಿ ಎಂದು ಇನ್ನೊಂದು ನಾಯಿ ತರುವವರಿದ್ದಾರೆ. ಹಲವು ನಾಯಿಗಳಿಗೆ ಬೇಕಾದದ್ದು ನಾಯಿಯ ಜೊತೆಯಲ್ಲ, ಮನುಷ್ಯರ ಜೊತೆ. ಎರಡನ್ನು ತಂದು ಎರಡೂ ಅಳುವುದನ್ನು ಕೇಳಬೇಕಾದೀತು.

ಕಟ್ಟಡವಿರುವ ಡೇಕೇರಿಗೇ ಹಾಕುವುದಾದರೆ ಕೆಲವು ಎಚ್ಚರಿಕೆಗಳು ಬೇಕು. ಲಸಿಕೆಯ ಪುಸ್ತಕ ಕೇಳದ ಜಾಗಕ್ಕೆ ಹಾಕಬೇಡಿ; ಪಾರ್ವೋ ಒಂದು ನಾಯಿಗೆ ಬಂದರೆ ಅಂಗಳಕ್ಕೇ ಬರುತ್ತದೆ, ಉಣ್ಣೆಯಿಂದ ಬರುವ ಜ್ವರವೂ ಹಾಗೆಯೇ. ಸಣ್ಣ ನಾಯಿಗಳನ್ನೂ ದೊಡ್ಡವನ್ನೂ ಬೇರೆ ಇಡುತ್ತಾರೆಯೇ, ಮಲಗಲು ಸದ್ದಿಲ್ಲದ ಮೂಲೆ ಇದೆಯೇ ನೋಡಿ. ಗೇಟಿಗೆ ಎರಡು ಬಾಗಿಲಿದ್ದರೆ ಒಳ್ಳೆಯದು, ಹೆದರಿದ ನಾಯಿ ಒಂದೇ ನೆಗೆತಕ್ಕೆ ಹೆದ್ದಾರಿ ಸೇರುತ್ತದೆ. ಸೇಲಂ ಧರ್ಮಪುರಿಗಳ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡು ಒಲೆಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೇಳದೆ ಹೋಗಿ ನೋಡಿ. ಬೇರೆ ನಾಯಿಗಳನ್ನು ಕಂಡರೆ ನಡುಗುವ ನಾಯಿಗೆ ಡೇಕೇರ್ ಸರಿಹೋಗುವುದಿಲ್ಲ, ಅದಕ್ಕೆ ಒಬ್ಬರೇ ಇರುವ ಮನೆ ಒಳ್ಳೆಯದು. ಸಂಜೆ ಸುಸ್ತಾಗಿ ಬಿದ್ದುಕೊಂಡರೆ ಖುಷಿಯಾಗಿದೆ ಎಂದು ತಿಳಿಯಬೇಡಿ. ಮರುದಿನ ಬೆಳಿಗ್ಗೆ ಆ ಗೇಟಿನ ಮುಂದೆ ಇಳಿಸುವಾಗ ಅದರ ಬಾಲ ಎಲ್ಲಿದೆ ಎಂದು ನೋಡಿ. ಅದಕ್ಕಿಂತ ನೇರ ಉತ್ತರ ಇಲ್ಲ.

ಇದೆಲ್ಲ ಓದಿ ಯಾರೂ ನಾಯಿ ತರಲು ಹೊರಡಬೇಡಿ. ನನ್ನ ಮಾತು ಅದರ ಉಲ್ಟಾ. ಮನೆಯಲ್ಲಿ ಹಗಲು ಯಾರೂ ಇಲ್ಲದಿದ್ದರೆ, ಕಾವಲಿನ ಅಗತ್ಯವೂ ಇಲ್ಲದಿದ್ದರೆ, ಮಕ್ಕಳು ಅತ್ತರೆಂದು ಮರಿ ತರಬೇಡಿ. ಮಕ್ಕಳ ಅಳು ಎರಡು ದಿನದ್ದು. ನಾಯಿಯದ್ದು ಹನ್ನೆರಡು ವರ್ಷದ್ದು.

ನಾವು ಬ್ಯಾರಿಗಳಿಗೆ ಕಾಯುವುದು ಎಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ನನ್ನ ಉಪ್ಪ ದಮ್ಮಾಮಿಗೆ ಹೋದಾಗ ನನಗೆ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಬರುವರು. ಅವರು ಹೋದ ಸಂಜೆ ನಾನು ಗೇಟಿನ ಹತ್ತಿರ ಕೂತಿದ್ದೆನಂತೆ, ಇಶಾ ಬಾಂಗ್ ಆದರೂ ಏಳದೆ. ನನಗೆ ಉಪ್ಪ ಬರುತ್ತಾರೆ ಎಂದು ಹೇಳಲು ಉಮ್ಮ ಇದ್ದರು, ಕಾಗದ ಬರುತ್ತಿತ್ತು, ಕ್ಯಾಲೆಂಡರ್ ಇತ್ತು. ನಾಯಿಗೆ ಕ್ಯಾಲೆಂಡರ್ ಇಲ್ಲ. ಸಂಜೆ ಬರುತ್ತೇನೆ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಪ್ರತಿ ಬೆಳಿಗ್ಗೆ ಚಿಲಕ ಬಿದ್ದಾಗಲೂ ಅದಕ್ಕೆ ನಾವು ಹೋದದ್ದು ಹೋದದ್ದೇ. ಬರುತ್ತೇವೆ ಎಂದು ನಂಬಿಸಲು ಮಾತು ಸಾಲದು, ತಿಂಗಳುಗಟ್ಟಲೆ ಗೇಟಿನಾಚೆ ಹೋಗಿ ಬಂದು ತೋರಿಸಬೇಕು. ಅಲ್ಲಿಯವರೆಗೆ ಜೊತೆಗೆ ಯಾರನ್ನಾದರೂ ಕೂರಿಸಬೇಕು.

ಉಮ್ಮ ಈಗ ಸೇಲಂಗೆ ಬರುವಷ್ಟು ಗಟ್ಟಿಯಿಲ್ಲ. ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾರೆ. ಮಗಳ ವಿಚಾರ, ಮೊಮ್ಮಗನ ವಿಚಾರ, ಗಂಡನ ಶುಗರಿನ ವಿಚಾರ ಎಲ್ಲ ಆದ ಮೇಲೆ, ಫೋನ್ ಇಡುವ ಮೊದಲು, ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿ ಕೇಳುತ್ತಾರೆ: "ಆ ನಾಯಿಯ ಹತ್ತಿರ ಇವತ್ತು ಯಾರಿದ್ದಾರೆ?"

ನಾಯಿ ಸಾಕಿದ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಬೀಗ ಹಾಕುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ಅಲ್ಲಾಹು ನಮ್ಮ ಕೈಕೆಳಗಿನ ಎಲ್ಲ ಜೀವಗಳ ವಿಷಯದಲ್ಲಿ ನಮ್ಮನ್ನು ಕ್ಷಮಿಸಲಿ, ನಮಗೆ ತೌಫೀಕ್ ನೀಡಲಿ. ಆಮೀನ್.